ಹಲಗೆಯ ಪಾತಿ

ಫೋನು ಬಂದಾಗ ಮೇಸ್ತ್ರಿ ಯಾರದೋ ಮನೆಯ ಗೋಡೆಗೆ ಗಾರೆ ಹಚ್ಚುತ್ತಿದ್ದರು. ಆ ಕಡೆ ತಮ್ಮನ ಹೆಂಡತಿ.

"ಭಾವ, ಇವರು ನರ್ಸರಿಗೆ ಗಿಡ ತರೋಕೆ ಹೋದೋರು ಅಲ್ಲೇ ಕುಸಿದುಬಿಟ್ರಂತೆ. ಆಸ್ಪತ್ರೆಯೋರು... ಇನ್ನಿಲ್ಲ ಅಂದ್ರು."

ಕರಣೆಯ ಮೇಲಿದ್ದ ಗಾರೆ ಕಲ್ಲಾಗುವವರೆಗೂ ಮೇಸ್ತ್ರಿ ಅದನ್ನು ಹಿಡಿದೇ ನಿಂತಿದ್ದರು. ನಲವತ್ತು ವರ್ಷದ ಕಸುಬಿನಲ್ಲಿ ಅವರು ಕರಣೆ ತೊಳೆಯದೆ ಕೆಳಗಿಟ್ಟದ್ದು ಅಂದೇ ಮೊದಲು.

ತಮ್ಮ ಬಡಗಿ. ಅಣ್ಣತಮ್ಮಂದಿರ ಮನೆಗಳೆರಡಕ್ಕೂ ಹಿತ್ತಲು ಒಂದೇ. ಅಲ್ಲಿ ಬ್ಲೂಬೆರಿ ಬೆಳೆಸುವ ಹುಚ್ಚು ತಮ್ಮನ ತಲೆಗೇರಿ ತಿಂಗಳಾಗಿತ್ತು. ಹಿಂದಿನ ಸಂಜೆಯೂ ಅದೇ ವಾದ.

"ಹಲಗೆಯ ಪಾತಿ ಮಾಡ್ತೀನಿ ಕಣಣ್ಣ. ನೋಡೋಕೆ ಚೆಂದ."

"ಮರದ್ದಾ? ಎರಡು ವರ್ಷಕ್ಕೆ ಗೆದ್ದಲಿನ ಪಾಲು. ಸಿಮೆಂಟಲ್ಲಿ ಕಟ್ಟಿಕೊಡ್ತೀನಿ, ಅಲ್ಲಾಡಿದ್ರೆ ಕೇಳು."

"ನಿನ್ನ ಕೈಗೆ ಬಿಟ್ರೆ ದಿಂಬಿಗೂ ಸಿಮೆಂಟ್ ತುಂಬ್ತೀಯ!"

"ನೀನು ಮಾಡಿದ ಕುರ್ಚಿಯಿಂದ ಬಿದ್ದು ಸೊಂಟ ಉಳುಕಿಸಿಕೊಂಡವನು ನಾನು. ಮರದ ಮಾತು ನನ್ನ ಹತ್ರ ಬೇಡ," ಎಂದು ಮೇಸ್ತ್ರಿ ಎದ್ದು ಹೋಗಿದ್ದರು. ಅದೇ ಕಡೆಯ ಮಾತಾಯಿತು.

ಗಿಡಗಳು ತಮ್ಮನ ವ್ಯಾನಿನಲ್ಲೇ ಮನೆಗೆ ಬಂದವು. ಎರಡೇ ಎರಡು, ಮೊಣಕಾಲೆತ್ತರದವು. ಬಂದ ನೆಂಟರೆಲ್ಲ ಹೋದ ಮೇಲೆ ಮೇಸ್ತ್ರಿ ಹಿತ್ತಲಿಗಿಳಿದು ಗಿಡಗಳಿಗೆಂದು ಇಟ್ಟಿಗೆಯ ಕಟ್ಟೆ ಕಟ್ಟಿದರು. ಒಳಗೂ ಹೊರಗೂ ಗಾರೆ ಮಾಡಿ, ಅಂಚನ್ನು ನೂಲು ಹಿಡಿದಂತೆ ತಿದ್ದಿದರು. ಯಾವ ಸಾಹುಕಾರನ ಮನೆಗೂ ಅವರು ಅಷ್ಟು ನಯದ ಕೆಲಸ ಮಾಡಿರಲಿಲ್ಲ. ಹೋದವನಿಗೆ ಇನ್ನೇನು ಮಾಡಲಾದೀತು? ದಿನವೂ ಬೆಳಗಿನ ಪ್ರಾರ್ಥನೆ ಮುಗಿಸಿ ಗಿಡಕ್ಕೆ ನೀರು ಹಾಕುತ್ತಿದ್ದರು.

ಎರಡು ತಿಂಗಳಿಗೆ ಎಲೆಗಳು ಹಳದಿಗೆ ತಿರುಗಿದವು. ನರಗಳಷ್ಟೇ ಹಸಿರು. ಮೇಸ್ತ್ರಿ ಗೊಬ್ಬರ ಹಾಕಿದರು, ನೆರಳು ಕಟ್ಟಿದರು. ಎಲೆ ಉದುರುವುದು ನಿಲ್ಲಲಿಲ್ಲ.

"ಅವರು ಕೈಯಾರೆ ಆರಿಸಿ ತಂದದ್ದು, ಭಾವ," ಎಂದಳು ತಮ್ಮನ ಹೆಂಡತಿ. "ಅದೂ ಹೋದ್ರೆ ನಾನು ಆ ಕಡೆ ಕಿಟಕಿ ತೆಗೆಯೋದಿಲ್ಲ."

ಮೇಸ್ತ್ರಿ ನಾಲ್ಕು ಎಲೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಆ ನರ್ಸರಿಗೆ ಹೋಗಿ, ತಾವು ಬಡಗಿಯ ಅಣ್ಣ ಎಂದರು. ನರ್ಸರಿಯ ಒಡತಿ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಎಲ್ಲಿ ನೆಟ್ಟಿದೀರಿ?"

"ಸಿಮೆಂಟಿನ ಕಟ್ಟೆಯಲ್ಲಿ. ನಾನೇ ಕಟ್ಟಿದ್ದು."

"ಅಯ್ಯೋ, ಯಜಮಾನ್ರೇ! ಇದಕ್ಕೆ ಹುಳಿ ಮಣ್ಣು ಬೇಕು. ಸಿಮೆಂಟಿನ ಸುಣ್ಣ ನೀರಿನ ಜೊತೆ ಬೇರಿಗಿಳಿದ್ರೆ ವಿಷ. ಬಡಗಿಯವರಿಗೆ ಎಲ್ಲಾ ಹೇಳಿದ್ನಲ್ಲ."

"ಅವನು ನನಗೆ ಹೇಳಲಿಲ್ಲ."

ಅವಳು ಎಲೆಗಳನ್ನು ಮತ್ತೆ ಕಾಗದದಲ್ಲಿ ಸುತ್ತಿದಳು. "ಆವತ್ತು ಗಿಡ ವ್ಯಾನಿಗಿಡ್ತಾ ನಗ್ತಿದ್ರು. 'ನಿನ್ನ ಕೆಲಸ ಇದಕ್ಕೆ ಆಗಿಬರಲ್ಲ ಅಂದ್ರೆ ಅಣ್ಣನ ಮುಖ ಸಣ್ಣಗಾಗತ್ತೆ, ಅದಕ್ಕೇ ಹಲಗೆ ಚೆಂದ ಅಂತ ಹೇಳ್ಕೊಂಡು ತಿರುಗ್ತಿದೀನಿ' ಅಂದ್ರು. ಆಮೇಲೆ ಒಂದು ಗಳಿಗೆ ಕೂತ್ಕೋತೀನಿ ಅಂದ್ರು."

ಮೇಸ್ತ್ರಿ ಅವಳಿಂದ ಎರಡು ಚೀಲ ಮಣ್ಣು ಕೊಂಡು ಮನೆಗೆ ಬಂದರು. ಅಂಗಿಯನ್ನೂ ಬದಲಿಸದೆ ಗಿಡಗಳನ್ನು ಬೇರುಸಹಿತ ಎತ್ತಿ ನೆರಳಿಗಿಟ್ಟು, ಸುತ್ತಿಗೆ ಹಿಡಿದರು. ಮೊದಲ ಏಟು ಕಟ್ಟೆಗೆ ತಾಗಿ ಪುಟಿದು ಮೊಣಕೈವರೆಗೂ ಝುಮ್ಮೆಂದಿತು. ಗಟ್ಟಿ ಕೆಲಸ. ಇನ್ನೊಂದು ಹೊಡೆದರು. ಸದ್ದು ಕೇಳಿ ತಮ್ಮನ ಹೆಂಡತಿ ಓಡಿಬಂದಳು.

"ಭಾವ! ಇದೇನು ಮಾಡ್ತಿದೀರಿ?"

"ನಿನ್ನ ಗಂಡ ಗೆದ್ದ ಕಣಮ್ಮ. ಅವನ ಶೆಡ್ಡಿನ ಬೀಗದ ಕೈ ಕೊಡು."

ಶೆಡ್ಡಿನಲ್ಲಿ ಎಂಟು ಹಲಗೆಗಳು ಗೋಡೆಗೊರಗಿದ್ದವು. ಅಳತೆಗೆ ಕೊಯ್ದು, ಉಜ್ಜಿ, ಒಂದರ ತುದಿ ಇನ್ನೊಂದಕ್ಕೆ ಕೂರುವಂತೆ ಕಚ್ಚು ಮಾಡಿದ್ದ ಹಲಗೆಗಳು. ಪ್ರತಿಯೊಂದರ ಮೇಲೂ ತಮ್ಮನ ಪೆನ್ಸಿಲಿನ ಅಂಕಿ. ಮೂಲೆಯಲ್ಲಿ ಒಂದು ಮೂಟೆ ಮರದ ಪುಡಿ, ಅದರ ಮೇಲೆ 'ಗಿಡಕ್ಕೆ' ಎಂದು ಬರೆದ ಚೀಟಿ.

ಕಟ್ಟೆಯಿಂದ ದೂರ, ಕಿಟಕಿಗೆ ಕಾಣುವ ಮೂಲೆಯಲ್ಲಿ ಅವಳು ಹಲಗೆ ಹಿಡಿದಳು, ಮೇಸ್ತ್ರಿ ಮೊಳೆ ಹೊಡೆದರು. ಮೊಳೆಗಳು ಒಂದಾದ ಮೇಲೊಂದು ಡೊಂಕಾದವು.

"ಅವರಿದ್ದಿದ್ರೆ ಬಿದ್ದು ಬಿದ್ದು ನಗ್ತಿದ್ರು."

"ನಗಲಿ ಬಿಡು."

ಹೊಸ ಮಣ್ಣಿನಲ್ಲಿ ಗಿಡಗಳನ್ನು ನೆಡುವ ಮುನ್ನ ಮೇಸ್ತ್ರಿ ನಲ್ಲಿಯ ಕೆಳಗೆ ಕೈ ತೊಳೆದರು. ಉಗುರುಸಂದಿಯ ಸಿಮೆಂಟು ಹೋಗುವವರೆಗೂ ತೊಳೆದರು. ನೆಟ್ಟಾದ ಮೇಲೆ ಬುಡಕ್ಕೆ ಮರದ ಪುಡಿಯನ್ನು ಹರವಿದರು. ಅದು ಅವರ ಒದ್ದೆ ಅಂಗೈಗೆ ಮೆತ್ತಿಕೊಂಡಿತು. ಒರೆಸಿಕೊಳ್ಳದೆ, ಹಾಗೆಯೇ ಕೈ ಮುಗಿದರು.

"ದೇವರೇ, ಬದುಕೆಲ್ಲ ದುಡಿದ ಕೈ ಅವನದು. ಇನ್ನಾದರೂ ಅದಕ್ಕೆ ಬಿಡುವು ಕೊಡು. ನಿನ್ನ ಸನ್ನಿಧಿಯಲ್ಲಿ ನನ್ನ ತಮ್ಮನ ಆತ್ಮ ಶಾಂತವಾಗಿರಲಿ."