ಕಂಠಪೂರ್ತಿ ಕರುಣೆ

ಆ ದೂರದೇಶದ ಭೂಕಂಪಕ್ಕೆ ಎಲ್ಲರಿಗಿಂತ ಹೆಚ್ಚು ಅತ್ತವನು ನಾನೇ ಇರಬೇಕು. ಅದೂ ಮೆತ್ತನೆ ಕುರ್ಚಿಯಲ್ಲಿ ಕೂತು, ಪಕ್ಕದಲ್ಲಿ ಬಿಸಿನೀರು ಇಟ್ಟುಕೊಂಡು.

ನಾನು ಸುದ್ದಿವಾಹಿನಿಯೊಂದರ ಕಂಠದಾನಿ. ಹುಟ್ಟಿದಾಗಿನಿಂದ ಮಾಡಿರುವ ದಾನ ಅದೊಂದೇ. ಪರದೇಶದವರು ಪರದೆ ಮೇಲೆ ಮಾತಾಡಿದರೆ ಅದರ ಮೇಲೆ ನಮ್ಮ ಮಾತು ಹೊದಿಸುವುದು ಕೆಲಸ. ಮಂತ್ರಿ, ಮುದುಕ, ಮದುಮಗ, ಯಾರ ದನಿ ಬೇಕಾದರೂ ತೆಗೆದೇನು. ಆಫೀಸಿನಲ್ಲಿ ನನಗೆ ‘ಗಂಟಲು’ ಅಂತಲೇ ಹೆಸರು.

ಅವತ್ತು ನನ್ನ ಪಾಲಿಗೆ ಬಂದವನು ಹೆಗಲ ಮೇಲೆ ಕಂಬಳಿ ಹೊತ್ತ ಒಬ್ಬ ಅಜ್ಜ. ಭಾಷಾಂತರದ ಹಾಳೆಯಲ್ಲಿ ಅವನಿಗೆ ಎರಡೇ ಸಾಲು: ‘ಬೆಳಿಗ್ಗೆ ನೆಲ ನಡುಗಿತು. ಸೇತುವೆ ಬೀದಿ ಪೂರಾ ಕುಸಿಯಿತು.’ ಕೆಳಗೆ ಬರೀ ‘ಹೆಸರುಗಳು’ ಅಂತ ಗೀಚಿತ್ತು. ಹೆಸರುಗಳನ್ನು ಬಿಟ್ಟುಬಿಡುವುದು ನಮ್ಮ ಪದ್ಧತಿ. ನಾಲಿಗೆ ಹೊರಳುವುದಿಲ್ಲ, ನೋಡುವವರಿಗೂ ಬೇಕಿಲ್ಲ. ಆದರೆ ಅಜ್ಜನ ತುಟಿ ಇನ್ನೂ ಆಡುತ್ತಲೇ ಇದೆ! ತುಟಿ ಆಡುವಾಗ ಸುಮ್ಮನಿದ್ದರೆ ನಮ್ಮ ವೃತ್ತಿಗೇ ಅವಮಾನ. ನನಗೋ ಕಂಠಪೂರ್ತಿ ಕರುಣೆ ಉಕ್ಕಿ ಬಂದಿತ್ತು. ‘ಯಾರೂ ಉಳಿದಿಲ್ಲಪ್ಪಾ... ಆ ಬೀದೀಲಿ ಒಬ್ರೂ ಉಳಿದಿಲ್ಲ...’ ಅಂತ ಬಿಕ್ಕಿಯೇಬಿಟ್ಟೆ.

ಮುಗಿಸಿ ತಲೆ ಎತ್ತಿದರೆ ಮೇಲೆ ಚಾವಣಿ ಇತ್ತು. ಎಂಥ ಸಜ್ಜನ ಚಾವಣಿ! ಹೋದ ವಾರ ಸೋರಿದ್ದಕ್ಕೆ ಬಾಯಿಗೆ ಬಂದ ಹಾಗೆ ಬೈದಿದ್ದೆ. ಮನಸ್ಸಿನಲ್ಲೇ ಕ್ಷಮೆ ಕೇಳಿ, ನನ್ನಂಥ ಹೃದಯವಂತನನ್ನು ಕಾಪಾಡಿದ್ದಕ್ಕೆ ಧನ್ಯವಾದವನ್ನೂ ಹೇಳಿದೆ.

ಸುದ್ದಿ ಪ್ರಸಾರವಾದ ಐದೇ ನಿಮಿಷಕ್ಕೆ ನಮ್ಮ ಕ್ಯಾಂಟೀನಿನ ಅಕ್ಕ ಬಾಗಿಲಲ್ಲಿ ನಿಂತಿದ್ದಳು.

“ಗಂಟ್ಲಣ್ಣಾ, ಒಬ್ರೂ ಉಳಿದಿಲ್ವಾ?”

ನನ್ನ ಅಭಿನಯ ಮುಟ್ಟಿದೆ ಅಂತ ಉಬ್ಬಿಹೋದೆ. “ಏನ್ ಮಾಡೋದಕ್ಕ, ನಂಗೇ ತಡ್ಕೊಳೋಕಾಗ್ಲಿಲ್ಲ.”

“ನನ್ ತಮ್ಮ ಇರೋದು ಆ ಸೇತುವೆ ಬೀದೀಲೇ. ಟೈಲ್ಸ್ ಹಾಕೋಕೆ ಹೋಗಿದಾನೆ. ಬೆಳಿಗ್ಗೆಯಿಂದ ಫೋನೇ ಹೋಗ್ತಿಲ್ಲ.”

ಮೊದಲು ಡಾಕ್ಟರ ಗಂಭೀರ ದನಿ ತೆಗೆದೆ, ಆಮೇಲೆ ಮಂತ್ರಿಯ ಭರವಸೆಯ ದನಿ. ಎರಡೂ ಅರ್ಧಕ್ಕೇ ಕೈಕೊಟ್ಟವು. ಕೊನೆಗೆ ಉಳಿದದ್ದು ನನ್ನದೇ ದನಿ, ಬಳಸದೆ ತುಕ್ಕು ಹಿಡಿದದ್ದು.

“ಅಕ್ಕಾ, ಅದು ಅಜ್ಜ ಹೇಳಿದ್ದಲ್ಲ. ನಾನೇ ಸೇರಿಸಿದ್ದು.”

“ಯಾಕೆ?”

“ತುಟಿ ಆಡ್ತಿತ್ತು.”

“ತುಟಿ ಆಡ್ತಿತ್ತು ಅಂತ ನನ್ ತಮ್ಮನ್ನ ಸಾಯ್ಸಿಬಿಟ್ರಾ?”

ಭಾಷಾಂತರದ ಹಾಳೆಯನ್ನು ಅವಳ ಮುಂದೆ ಹಿಡಿದೆ.

“ಮತ್ತೆ ಅಜ್ಜ ಹೇಳಿದ್ದೇನು?”

“ಯಾರ್ಯಾರದೋ ಹೆಸರು.”

“ಬದುಕಿದೋರ್ದಾ, ಇಲ್ಲ...”

ಭಾಷಾಂತರದ ಮೇಡಂಗೆ ಫೋನ್ ಮಾಡಿದೆ. “ಹೊರಗೆ ಬಂದೋರ ಹೆಸರು ಕಣ್ರೀ,” ಅಂದರು. “ಮನೆಯವರಿಗೆ ಗೊತ್ತಾಗ್ಲಿ ಅಂತ ಕೂಗಿ ಹೇಳ್ತಿದಾರೆ. ಅಲ್ಲಾ, ನೀವು ಯಾವತ್ತು ಹೆಸರು ಓದಿದ್ರಿ?”

ಅಕ್ಕನ ಕಿವಿಗೆ ಹೆಡ್‌ಫೋನ್ ಹಾಕಿ, ನನ್ನ ದನಿ ತೆಗೆದು, ಅಜ್ಜನ ದನಿಯನ್ನಷ್ಟೇ ಬಿಟ್ಟೆ. ಹನ್ನೊಂದು ಹೆಸರು. ಅವಳು ಕಣ್ಣು ಮುಚ್ಚಿ ಬೆರಳು ಮಡಚುತ್ತಾ ಹೋದಳು. ಒಂಬತ್ತನೆಯದಕ್ಕೆ ನನ್ನ ತೋಳು ಹಿಡಿದಳು.

“ತಮ್ಮನಾ?”

“ಅಲ್ಲ, ಅವನ ರೂಮಿನವನು. ಆ ಊರಿನವನೇ. ವಿಡಿಯೋ ಕಾಲ್‌ನಲ್ಲಿ ದಿನಾ ಇಣುಕ್ತಾನೆ ದರಿದ್ರದವ. ಇಬ್ರೂ ಒಟ್ಟಿಗೇ ಕೆಲಸಕ್ಕೆ ಹೋಗೋದು.”

ಉಳಿದ ಎರಡರಲ್ಲೂ ತಮ್ಮನ ಹೆಸರಿರಲಿಲ್ಲ. ಅವಳು ಹೆಡ್‌ಫೋನ್ ತೆಗೆದು ಮತ್ತೆ ಫೋನ್ ಒತ್ತಿದಳು. ಹೋಗಲಿಲ್ಲ. ಕಣ್ಣೀರು ಇಳಿಯುತ್ತಿತ್ತು, ಸದ್ದೇ ಇಲ್ಲ. ಇಷ್ಟು ವರ್ಷದಲ್ಲಿ ಅಂಥ ಅಳು ನಾನು ಒಂದು ಸಲವೂ ಅತ್ತಿಲ್ಲ.

“ಇದನ್ನ ಮತ್ತೆ ಹಾಕ್ತೀರಾ?”

“ಇನ್ನರ್ಧ ಗಂಟೆಗೆ.”

“ಹಂಗಾದ್ರೆ ಹೆಸರು ಹೇಳಿ. ನನ್ನ ಹಾಗೆ ಇನ್ನೂ ಯಾರ್ಯಾರು ಟೀವಿ ಮುಂದೆ ಕೂತಿದಾರೋ.”

ಮತ್ತೆ ಮೈಕಿನ ಮುಂದೆ ಕೂತೆ. ಊರಿನ ದನಿಯನ್ನೆಲ್ಲ ಅನುಕರಿಸುವ ಶೂರ, ಮೊದಲ ಹೆಸರಿಗೇ ಮೂರು ಸಲ ಮುಗ್ಗರಿಸಿದೆ. ತಮ್ಮನ ಬಾಯಲ್ಲಿ ಕೇಳಿ ಕೇಳಿ ಆ ನಾಡಿನ ಹೆಸರುಗಳು ಅಕ್ಕನಿಗೆ ರೂಢಿ. ಎಡಗೈಯಲ್ಲಿ ಫೋನ್ ಒತ್ತುತ್ತಲೇ ತಿದ್ದಿದಳು: “ಅಷ್ಟು ಎಳೀಬೇಡಿ. ಅಳಬೇಡಿ. ಸುಮ್ನೆ ಹೇಳಿ.”

ಒಂಬತ್ತನೆಯ ಹೆಸರಿಗೆ ನನ್ನ ಗಂಟಲು ಕಟ್ಟಿಕೊಂಡಿತು.

“ಮತ್ತೆ ಶುರು ಮಾಡಿದ್ರಾ?”

“ಇಲ್ಲಕ್ಕ. ಇದು ನಂದೇ.”

“ನಿಮ್ದಾದ್ರೆ ಆಮೇಲೆ ಅಳಿ,” ಅಂದಳು ಅಕ್ಕ. “ಇನ್ನೂ ಎರಡು ಹೆಸರಿದೆ.”