ಖಾಲಿಯಣ್ಣನ ಮೋಟರು

ಮೂವತ್ತು ವರ್ಷದಿಂದ ಮಿಲ್ಲಿನಲ್ಲಿ ಬಟ್ಟೆ ಸುತ್ತುವ ಯಂತ್ರ ನಡೆಸುತ್ತಿದ್ದವನಿಗೆ ಒಂದೇ ಹಠ. ಯಾರೇ ರಿಪೇರಿ ಮಾಡಲಿ, ಮೊದಲು ಯಂತ್ರವನ್ನು ಖಾಲಿ ಓಡಿಸಿ ನೋಡಬೇಕು, ಆಮೇಲೆಯೇ ಬಟ್ಟೆ ಹಾಕಬೇಕು. ಮಿಲ್ಲಿನವರೆಲ್ಲ ಅವನನ್ನು ‘ಖಾಲಿಯಣ್ಣ’ ಎಂದು ಆಡಿಕೊಂಡರೂ ಅವನು ಕ್ಯಾರೇ ಎನ್ನುತ್ತಿರಲಿಲ್ಲ.

ಈ ಸಲ ರಿಪೇರಿಗೆ ನಿಂತವಳು ಅವನ ಸ್ವಂತ ಮಗಳು. ಬಟ್ಟೆ ಪದೇ ಪದೇ ಹರಿಯುತ್ತಿದ್ದುದರಿಂದ ಮೋಟರಿನ ಓಟ ಹತೋಟಿಯಲ್ಲಿಡುವ ಹೊಸ ಡ್ರೈವ್ ಪೆಟ್ಟಿಗೆ ಕೂರಿಸಿದ್ದಳು. ಆರು ತಿಂಗಳಿಂದ ಅವಳು ಅಲ್ಲಿ ಹಂಗಾಮಿ ಎಲೆಕ್ಟ್ರಿಷಿಯನ್. ಇವತ್ತು ಯಂತ್ರ ನೆಟ್ಟಗೆ ಓಡಿದರೆ ಕೆಲಸ ಕಾಯಂ, ಇಲ್ಲದಿದ್ದರೆ ನಾಳೆಯಿಂದ ಮನೆ.

“ಅಪ್ಪಾ, ಇದು ಹಳೇ ಥರ ಅಲ್ಲ,” ಎಂದಳು ಮಗಳು. “ಮುಂಚೆ ಮೋಟರಿಗೆ ಇಷ್ಟು ವೇಗವಾಗಿ ತಿರುಗು ಅಂತಿದ್ವಿ. ಈಗ ಇಷ್ಟು ಜೋರಾಗಿ ಎಳಿ ಅಂತೀವಿ. ತಡೆಯೋಕೆ ಬಟ್ಟೆ ಇಲ್ಲದಿದ್ರೆ ವೇಗ ಏರ್ತಾನೇ ಹೋಗುತ್ತೆ. ಖಾಲಿ ಮಾತ್ರ ಓಡಿಸ್ಬೇಡ.”

“ಆಯ್ತು ಕಣೇ.”

“ನನ್ನಾಣೆ?”

“ಆಯ್ತು ಅಂದ್ನಲ್ಲ, ಹೋಗೇ!”

ಮಗಳು ಮಿಲ್ಲಿನ ಯಜಮಾನರನ್ನು ಕರೆಯಲು ಹೋದಳು. ಖಾಲಿಯಣ್ಣ ಆಚೆ ಈಚೆ ನೋಡಿದ. ಯಜಮಾನರ ಎದುರಿಗೆ ಯಂತ್ರ ಕೈಕೊಟ್ಟರೆ ಹುಡುಗಿಯ ಗತಿ? ಅವಳ ಒಳ್ಳೆಯದಕ್ಕೇ ಒಂದೇ ಒಂದು ಸುತ್ತು ಎಂದುಕೊಂಡು ಸ್ವಿಚ್ ಒತ್ತಿಯೇಬಿಟ್ಟ.

ಮೋಟರು ಮೆಲ್ಲಗೆ ಗುನುಗಿತು. ಏನೂ ಆಗಲಿಲ್ಲವಲ್ಲ ಎಂದು ಮೀಸೆಯಡಿ ನಗುವಷ್ಟರಲ್ಲಿ ಗುನುಗು ಕೂಗಾಯಿತು, ಕೂಗು ಕಿರುಚಾಟವಾಯಿತು. ಬಟ್ಟೆ ಸುತ್ತುವ ರಟ್ಟಿನ ಕೊಳವೆ ಕಳಚಿ ಹಾರಿ ಗೋಡೆಗೆ ಬಡಿಯಿತು. ಖಾಲಿಯಣ್ಣ ಎದ್ದೆನೋ ಬಿದ್ದೆನೋ ಎಂದು ಓಡಿ ಕೆಂಪು ಗುಂಡಿ ಗುದ್ದಿದ. ತಿರುಗಿ ನೋಡಿದರೆ ಬಾಗಿಲಲ್ಲಿ ಮಗಳು, ಅವಳ ಹಿಂದೆ ಯಜಮಾನರು.

“ಕೈತಪ್ಪಿ ಒತ್ಬಿಟ್ಟೆ ಯಜಮಾನ್ರೆ. ಇವಳದ್ದೇನೂ ತಪ್ಪಿಲ್ಲ.”

ಸುಳ್ಳು ಹೇಳಲು ಬಾರದ ಮನುಷ್ಯ, ಕಿವಿಯೆಲ್ಲ ಕೆಂಪಾಗಿತ್ತು.

“ತಪ್ಪು ನಂದೂ ಇದೆ,” ಎಂದಳು ಮಗಳು. “ಇಷ್ಟು ವೇಗ ದಾಟಬಾರದು ಅಂತ ಡ್ರೈವಿನಲ್ಲಿ ಮೊದಲೇ ಮಿತಿ ಹಾಕ್ಬೇಕಿತ್ತು. ಅಪ್ಪನಿಗೆ ಬಾಯಲ್ಲಿ ಹೇಳಿದ್ರೆ ಸಾಕು ಅಂದ್ಕೊಂಡೆ. ಓಡೋವಾಗ ಬಟ್ಟೆ ಹರಿದಿದ್ರೂ ಹಿಂಗೇ ಆಗ್ತಿತ್ತು.”

ಖಾಲಿಯಣ್ಣ ಹಣೆ ಚಚ್ಚಿಕೊಂಡ. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತಿತ್ತಲ್ಲ, ಪೆದ್ದಿ! ಆದರೂ ಎದೆ ಉಬ್ಬಿದ್ದು ಸುಳ್ಳಲ್ಲ.

“ಹಾಗಾದ್ರೆ ಈಗ ಹಾಕಮ್ಮ,” ಎಂದರು ಯಜಮಾನರು.

ಅವಳು ಡ್ರೈವಿನ ಗುಂಡಿಗಳನ್ನು ಒತ್ತಿ ಮಿತಿ ಹಾಕಿದಳು, ಎರಡೆರಡು ಸಲ ನೋಡಿದಳು. ಬೇರೆ ಕೊಳವೆ ಬಿಗಿದು ಬಟ್ಟೆ ಹಾಕಿದರು. ಬಟ್ಟೆ ಒಂದು ಸುಕ್ಕಿಲ್ಲದೆ ಸುತ್ತಿಕೊಂಡಿತು.

“ಚೆನ್ನಾಗಿದೆ. ಆದ್ರೆ ನಾಳೆ ಬಟ್ಟೆ ಹರಿದ್ರೆ?” ಎಂದರು ಯಜಮಾನರು.

ಮಗಳು ಬಾಯಿ ತೆರೆಯುವ ಮೊದಲೇ ಖಾಲಿಯಣ್ಣ ದೊಡ್ಡ ಕತ್ತರಿ ಎತ್ತಿಕೊಂಡು, ನಿಧಾನವಾಗಿ ಸರಿಯುತ್ತಿದ್ದ ಬಟ್ಟೆಯನ್ನು ಕಚಕ್ಕನೆ ಅಡ್ಡಕ್ಕೆ ಕತ್ತರಿಸಿದ. ಮೋಟರು ತುಸು ಚುರುಕಾಯಿತು, ಅಷ್ಟೇ. ವೇಗ ಅಲ್ಲಿಂದ ಮುಂದಕ್ಕೆ ಏರಲಿಲ್ಲ.

“ನಾಳೆಯಿಂದ ನೀನು ಕಾಯಂ ಕಣಮ್ಮ,” ಎಂದ ಯಜಮಾನರು ಅವನತ್ತ ತಿರುಗಿದರು. “ಅಲ್ರೀ, ಒಳ್ಳೇ ಬಟ್ಟೆ ಯಾಕ್ರೀ ಹಾಳು ಮಾಡಿದ್ರಿ? ಖಾಲಿ ಓಡಿಸಿ ತೋರಿಸಿದ್ರೆ ಸಾಕಿತ್ತಲ್ಲ?”

ಖಾಲಿಯಣ್ಣ ಕತ್ತರಿಯ ಕಡೆ ನೋಡುತ್ತಾ ತಲೆ ಕೆರೆದುಕೊಂಡ.

“ಮಗಳ ಮೇಲೆ ನಂಬಿಕೆ ಇದೆ ಅಂತ ಬಾಯ್ಬಿಟ್ಟು ಹೇಳೋಕೆ ನಾಚಿಕೆ ಆಗುತ್ತೆ ಯಜಮಾನ್ರೆ, ಅದಕ್ಕೇ ಕತ್ರೀಲಿ ಹೇಳ್ದೆ.”