ಗಿಣಿಯ ನೀಲಿ ಜಾಕೆಟ್

ಆ ದಿನಗಳಲ್ಲಿ ಟೈಲರಮ್ಮನಿಗೆ ಮಗಳೆಂದರೆ ಹೆಮ್ಮೆಯೋ ಹೆಮ್ಮೆ. ತನ್ನ ಬಟ್ಟೆ ಯಾರಾದರೂ ಮುಟ್ಟಿದರೆ ಮನೆ ತಲೆಕೆಳಗು ಮಾಡುತ್ತಿದ್ದ ಹುಡುಗಿ, ತನ್ನ ಪ್ರಾಣದಂಥ ನೀಲಿ ಜಾಕೆಟ್ಟನ್ನು ತಾನಾಗಿಯೇ ತಂದು ಹೊಲಿಗೆ ಯಂತ್ರದ ಮೇಲಿಟ್ಟಿದ್ದಳು.

"ಅಮ್ಮಾ, ಇದನ್ನ ಚಿಕ್ಕಮ್ಮನ ಮಗಳಿಗೆ ಆಗೋ ಹಾಗೆ ಚಿಕ್ಕದು ಮಾಡಿಕೊಡು."

"ನಿಂಗೆ ಬೇಡ್ವೇನೇ?"

"ನಂಗ್ಯಾಕೆ ಇನ್ನು."

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಟೈಲರಮ್ಮ ಟೇಪು ಎಳೆದು, ಆ ಮಗುವಿನ ಅಳತೆ ಎಷ್ಟೆಂದು ಕೇಳಿದಳು. ಹಸಿರು ಲಂಗ ಆಗಲೇ ಪಕ್ಕದ ಮನೆಯ ಹುಡುಗಿಗೆ ಹೋಗಿತ್ತು. "ನೋಡ್ರೀ, ನಮ್ಮ ಗಿಣಿಗೆ ಎಷ್ಟು ದೊಡ್ಡ ಮನಸ್ಸು ಬಂತು!" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ್ದು. ಬಟ್ಟೆ ಕಂಡರೆ ಟೈಲರಮ್ಮನಿಗೆ ಬೇರೇನೂ ಕಾಣುವುದಿಲ್ಲ, ಏನು ಮಾಡೋಣ!

ಗಿಣಿ ಎಂದರೆ ಮನೆಯವರು ಇಟ್ಟ ಹೆಸರು. ಮಾತು ಶುರುಮಾಡಿದರೆ ನಿಲ್ಲಿಸಲು ಕೈಮುಗಿಯಬೇಕಿತ್ತು. ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದಮೇಲೆ ಅದೇ ಗಿಣಿಯ ಬಾಯಿ ಕಟ್ಟಿಹೋಯಿತು. ತಟ್ಟೆಯಲ್ಲಿದ್ದದ್ದನ್ನು ಕೆದಕಿ ಎದ್ದುಬಿಡುವಳು. ಬೆಳಿಗ್ಗೆ ಎಬ್ಬಿಸಲು ಹೋದರೆ ಕಣ್ಣು ಬಿಟ್ಟುಕೊಂಡೇ ಮಲಗಿರುವಳು. ಯೂನಿಫಾರ್ಮಿನ ಸೊಂಟ ಸಡಿಲವಾಯಿತು, ಅಮ್ಮ ಹಿಡಿದು ಹೊಲಿದಳು. ಮತ್ತೆ ಸಡಿಲವಾಯಿತು, ಮತ್ತೆ ಹಿಡಿದಳು. ಈಗ ಮೈಗೆ ಹೇಳಿಮಾಡಿಸಿದಂತಿದೆ ಎಂದು ಖುಷಿಪಟ್ಟಳು ಬೇರೆ. ಸಿಟಿ ಬಸ್ ಓಡಿಸುವ ಗಂಡ, "ವಯಸ್ಸು ಕಣೆ, ದೊಡ್ಡೋಳಾಗ್ತಿದಾಳೆ" ಎಂದ. ದೊಡ್ಡವಳಾಗುವುದೆಂದರೆ ಹೀಗೆ ಕರಗಿಹೋಗುವುದೇ? ಆಗ ಇಬ್ಬರಿಗೂ ಅದು ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಗೆ ಬಂದ ಹೆಂಗಸೊಬ್ಬಳು ಕವರಿನಿಂದ ಗಂಡಸರ ಕೋಟೊಂದನ್ನು ತೆಗೆದು ಮೇಜಿನ ಮೇಲೆ ಹರಡಿದಳು.

"ಮಗನಿಗೆ ಆಗೋ ಹಾಗೆ ಮಾಡಿಕೊಡಿ. ಇದು... ಅವರದು."

ತೀರಿಕೊಂಡ ಗಂಡನದು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಇಂಥ ಕೆಲಸ ಟೈಲರಮ್ಮನಿಗೆ ಹೊಸದೂ ಅಲ್ಲ. ಗಟ್ಟಿಮುಟ್ಟಾದ ಬಟ್ಟೆಯನ್ನು ಇನ್ನೊಬ್ಬರ ಅಳತೆಗೆ ಇಳಿಸಿಕೊಡಿ ಎಂದು ಜನ ತಂದರೆ, ತೊಟ್ಟವರು ಬೆಳೆದಿರಬೇಕು, ಇಲ್ಲವೇ ಹೋಗಿಬಿಟ್ಟಿರಬೇಕು. ಸೀಮೆಸುಣ್ಣದಿಂದ ಕೋಟಿನ ಬೆನ್ನ ಮೇಲೆ ಗೆರೆ ಎಳೆಯುತ್ತಿದ್ದ ಅವಳ ಕೈ ಅಲ್ಲೇ ನಿಂತಿತು.

ಗಿಣಿ ಬೆಳೆದಿಲ್ಲವಲ್ಲ. ಆ ಜಾಕೆಟ್ ಅವಳಿಗೆ ಚಿಕ್ಕದಾಗಿರಲಿಲ್ಲವಲ್ಲ!

ನಂಗ್ಯಾಕೆ ಇನ್ನು.

ತಲೆನೋವೆಂದು ಹುಡುಗಿ ಅವತ್ತು ಸ್ಕೂಲಿಗೆ ಹೋಗಿರಲಿಲ್ಲ, ಮನೆಯಲ್ಲಿ ಒಬ್ಬಳೇ ಇದ್ದಳು. ಟೈಲರಮ್ಮ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತುಹೋಯಿತು. ಇನ್ನೊಮ್ಮೆ ಮಾಡಿದರೂ ಅಷ್ಟೇ. "ಅಂಗಡಿ ನೋಡ್ಕೊಳ್ಳಿ ಅಕ್ಕಾ" ಎಂದು ಆ ಅಪರಿಚಿತ ಹೆಂಗಸಿಗೇ ಹೇಳಿ, ಕೊರಳಲ್ಲಿ ಟೇಪು ತೂಗುಬಿದ್ದಿರುವಂತೆಯೇ ಓಡಿದಳು. ಅಯ್ಯೋ, ಮನೆ ಇಷ್ಟು ದೂರ ಯಾವಾಗಿನಿಂದ? ಸಿಗ್ನಲ್ಲಿನಲ್ಲಿ ಕಾರಿನವನೊಬ್ಬ ಬೈದ. ಮೆಟ್ಟಿಲಲ್ಲಿ ಚಪ್ಪಲಿ ಕಳಚಿ ಬಿತ್ತು, ತಿರುಗಿ ನೋಡಲಿಲ್ಲ. ಕೀಲಿ ತೂತಿಗೆ ಸೇರುತ್ತಿಲ್ಲ. ದಿನವಿಡೀ ಸೂಜಿಗೆ ದಾರ ಪೋಣಿಸುವ ಕೈ ಅದು!

ಗಿಣಿ ಕೋಣೆಯ ನೆಲದ ಮೇಲೆ ಕೂತಿದ್ದಳು. ಸುತ್ತ ಉಳಿದ ಬಟ್ಟೆಗಳನ್ನೆಲ್ಲ ಮಡಚಿ, ಒಂದೊಂದು ರಾಶಿ ಒಬ್ಬೊಬ್ಬರಿಗೆಂಬಂತೆ ಬೇರೆ ಬೇರೆ ಇಟ್ಟಿದ್ದಳು. ತಲೆ ಎತ್ತಿ, "ಯಾಕಮ್ಮಾ, ಇಷ್ಟು ಬೇಗ ಬಂದೆ?" ಎಂದಳು.

ಇದ್ದಾಳೆ, ಮಾತಾಡುತ್ತಿದ್ದಾಳೆ! ಟೈಲರಮ್ಮ ಒಂದು ರಾಶಿ ಸರಿಸಿ ಅವಳ ಪಕ್ಕ ಕೂತಳು. ಬೈಯಬೇಕೆನಿಸಿತು, ಅಪ್ಪಿಕೊಂಡು ಗೋಳೋ ಎಂದು ಅಳಬೇಕೆನಿಸಿತು. ಎರಡನ್ನೂ ನುಂಗಿಕೊಂಡಳು. ಕೇಳಲೇಬೇಕಾದ ಮಾತೊಂದಿತ್ತು. ಕೇಳಿದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂಬ ಭಯವೂ ಇತ್ತು. ಆದರೂ ಕೇಳಿದಳು.

"ಗಿಣೀ, ಸತ್ತುಹೋಗ್ಬೇಕು ಅಂತ ಅನಿಸ್ತಿದ್ಯಾ?"

ಹುಡುಗಿ ಕೈಯಲ್ಲಿದ್ದ ಅಂಗಿಯನ್ನು ಇನ್ನೊಂದು ಸಲ ಮಡಚಿದಳು. ಆಮೇಲೆ ಹೌದೆಂದು ತಲೆಯಾಡಿಸಿದಳು.

"ಹೇಳೋಣ ಅಂತಿದ್ದೆ ಅಮ್ಮಾ. ನೀನು ಅಳತೆ ಕೇಳ್ದೆ."

ಟೈಲರಮ್ಮ ಆ ಅಂಗಿಯನ್ನು ಮಗಳ ಕೈಯಿಂದ ತೆಗೆದಿಟ್ಟಳು. "ತಪ್ಪಾಯ್ತು ಕಣೆ. ಈಗ ಕೇಳ್ತೀನಿ, ಹೇಳು."

ಹುಡುಗಿ ತಡೆತಡೆದು ಹೇಳಿದಳು. ನಿದ್ದೆಯೇ ಬರುವುದಿಲ್ಲ. ಪುಸ್ತಕ ತೆರೆದರೆ ಅಕ್ಷರ ತಲೆಗೆ ಹತ್ತುವುದಿಲ್ಲ. ತಾನಿಲ್ಲದಿದ್ದರೆ ಎಲ್ಲರಿಗೂ ಹಗುರವಾಗುತ್ತದೆ. ಕೊನೆಯದನ್ನು ಕೇಳಿ ಟೈಲರಮ್ಮನಿಗೆ ಬಾಯಿ ತಡೆಯಲಾಗಲಿಲ್ಲ. "ಹಗುರ ಅಂತೆ! ಯಾರಿಗೇ ಹಗುರ?" ಎಂದು ಮಗಳನ್ನು ಎದೆಗೆಳೆದುಕೊಂಡಳು. ಗಂಡನಿಗೆ ಫೋನ್ ಮಾಡುವಾಗಲೂ ಅವಳ ಕೈ ಬಿಡಲಿಲ್ಲ.

ಡಿಪೋದಿಂದ ಓಡೋಡಿ ಬಂದ ಗಂಡನ ಮುಖ ಬಿಳಿಚಿಹೋಗಿತ್ತು. ಹೆಂಡತಿಯನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದ.

"ನಾವೇ ಕೂರಿಸ್ಕೊಂಡು ಬುದ್ಧಿ ಹೇಳೋಣ. ಹುಚ್ಚರ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರೆ ನಾಲ್ಕು ಜನ ಏನಂತಾರೆ?"

"ಆ ನಾಲ್ಕೂ ಜನರ ಸೊಂಟದ ಅಳತೆ ನನ್ನ ಹತ್ರ ಇದೆ, ಏನು ಬೇಕಾದ್ರೂ ಅಂದ್ಕೊಳ್ಳಲಿ! ಬಸ್ಸಿನ ಬ್ರೇಕ್ ಹೋದ್ರೆ ಬಸ್ಸಿಗೆ ಬುದ್ಧಿ ಹೇಳ್ತೀರಾ? ಇದು ನಮ್ಮ ಕೈಲಾಗೋದಲ್ಲ ಕಣ್ರೀ. ಬಲ್ಲವರಿಗೆ ತೋರಿಸಬೇಕು. ಈಗ್ಲೇ."

ಅವನು ಆಟೊ ಕರೆಯಲು ಹೋದ.

ಆಸ್ಪತ್ರೆಯ ಮನೋವೈದ್ಯೆ ಹುಡುಗಿಯೊಡನೆ ಬಹಳ ಹೊತ್ತು ಪ್ರತ್ಯೇಕವಾಗಿ ಮಾತಾಡಿದಳು. ಆಮೇಲೆ ಅಪ್ಪ ಅಮ್ಮನನ್ನು ಕರೆದು, ಇದು ಕಾಯಿಲೆ, ಚಿಕಿತ್ಸೆ ಇದೆ, ಗುಣವಾಗಲು ಸಮಯ ಬೇಕು ಎಂದಳು. ಸದ್ಯಕ್ಕೆ ಒಬ್ಬಳನ್ನೇ ಬಿಡಬೇಡಿ, ಹರಿತವಾದದ್ದು, ಮಾತ್ರೆಗಳು ಯಾವುದೂ ಕೈಗೆ ಸಿಗದಂತೆ ನೋಡಿಕೊಳ್ಳಿ ಎಂದಳು. ಟೈಲರಮ್ಮ ಮನೆಯ ಕತ್ತರಿಗಳನ್ನೆಲ್ಲ ಅಂಗಡಿಯ ಡ್ರಾಯರಿಗೆ ಹಾಕಿ, ಬೀಗದ ಕೈ ಕೊರಳಿಗೆ ಕಟ್ಟಿಕೊಂಡಳು. ಮನೆಯಲ್ಲಿ ಗುಂಡಿ ಹಾಕಿದರೆ ದಾರವನ್ನು ಹಲ್ಲಿನಲ್ಲೇ ಕಡಿಯಬೇಕಾಯಿತು. ಮಗಳು ಬಚ್ಚಲಿನಲ್ಲಿ ಸ್ವಲ್ಪ ತಡಮಾಡಿದರೂ ಜೀವ ಬಾಯಿಗೆ ಬರುತ್ತಿತ್ತು.

ತಂಗಿಯ ಮನೆಗೆ ಹೋಗಿ ಜಾಕೆಟ್ ವಾಪಸು ತಂದಳು. ಗಿಣಿ ಅಂಗಡಿಯ ಸ್ಟೂಲಿನ ಮೇಲೆ ಕೂತು ನೋಡುತ್ತಿರಲು, ಪಕ್ಕದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದಳು.

"ಕತ್ತರಿಸಿರ್ಲಿಲ್ವಾ ಅಮ್ಮಾ?"

"ಮಿಕ್ಕ ಬಟ್ಟೆ ನಾನು ಯಾವತ್ತೂ ಕತ್ತರಿಸಲ್ಲ ಕಣೆ. ಒಳಗೇ ಮಡಚಿ ಹೊಲಿದಿರ್ತೀನಿ. ಹಾಕ್ಕೋ, ನೋಡೋಣ."

ಹುಡುಗಿ ತೊಟ್ಟಳು. ಭುಜ ಜೋಲುಬಿದ್ದಿತ್ತು, ಸೊಂಟದಲ್ಲಿ ಇನ್ನೊಬ್ಬಳು ಹಿಡಿಸುವಷ್ಟು ಜಾಗವಿತ್ತು. ಟೈಲರಮ್ಮನ ಕೈ ಅಭ್ಯಾಸದಂತೆ ಗುಂಡುಸೂಜಿಯ ಡಬ್ಬಿಗೆ ಹೋಯಿತು.

"ಸಡಿಲ ಆಯ್ತಲ್ಲಮ್ಮಾ. ಹಿಡೀತೀಯಾ?"

ಟೈಲರಮ್ಮ ಡಬ್ಬಿ ಮುಚ್ಚಿದಳು.

"ಇಲ್ಲ. ಇನ್ಮೇಲೆ ನಿನ್ನ ಬಟ್ಟೆ ಹಿಡಿಯಲ್ಲ ನಾನು. ಅದು ಹಾಗೇ ಇರ್ಲಿ, ನೀನೇ ಅದರ ಅಳತೆಗೆ ಬಾ."